ಅಪ್ಪನ ಹುಬ್ಬುಗಂಟು

ಅಪ್ಪಾ,

ಇವತ್ತು ಬೆಳಿಗ್ಗೆ ಫೆತು ಅತ್ತೆ ಅಪಿಯಾ ಪೇಟೆಯ ನನ್ನ ಸ್ಟುಡಿಯೋಗೆ ಬಂದಿದ್ದಳು. ನಾಳೆ ನಿನ್ನನ್ನು ಮಣ್ಣು ಮಾಡುತ್ತಾರೆ, ಚರ್ಚಿನಲ್ಲಿಡಲು ದೊಡ್ಡ ಫೋಟೋ ಬೇಕು.

"ಲೋಸಾ, ಮುಖದ ಗೆರೆಯೆಲ್ಲ ತೆಗೆದುಬಿಡೇ. ಫೋಟೋದಲ್ಲಿ ಇಡೀ ಊರಿನ ಮುಖ ನುಣ್ಣಗೆ ಮಾಡಿದೋನು ನಿಮ್ಮಪ್ಪ. ಅವನದ್ದೇ ಹೀಗಿದ್ರೆ ಜನ ನಗಲ್ವಾ?" ಅಂದಳು.

ನಾನು ನಿನ್ನ ಸ್ಟುಡಿಯೋದಲ್ಲಿ ಕೆಲಸ ಕಲಿಯುವಾಗ ನೀನು ಮೂಲ ಚಿತ್ರವನ್ನೇ ತಿದ್ದುತ್ತಿದ್ದೆ. ಒಮ್ಮೆ ಅಳಿಸಿದ ಮಚ್ಚೆ ಮತ್ತೆ ಸಿಗುತ್ತಿರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಚಿತ್ರದ ಮೇಲೆ ಪಾರದರ್ಶಕ ಹಾಳೆ ಹೊದಿಸಿದ ಹಾಗೆ ಬೇರೆ ಲೇಯರ್ ಮಾಡಿಕೊಂಡು ತಿದ್ದಿದರೆ, "ಕೈಯಲ್ಲಿ ಧೈರ್ಯ ಇಲ್ಲದವರ ಕೆಲಸ" ಎಂದು ನೀನು ಹಂಗಿಸುತ್ತಿದ್ದೆ. ಈಗಲೂ ನಾನು ಹಾಗೇ ಮಾಡುವವಳು. ಮೂಲವನ್ನು ಮುಟ್ಟದೆ, ಮೇಲೊಂದು ಲೇಯರ್ ಹಾಕಿ ನಿನ್ನ ಗೆರೆಗಳನ್ನೆಲ್ಲ ನುಣುಪು ಮಾಡಿ ತೋರಿಸಿದೆ. ಅತ್ತೆಗೆ ಹಿಡಿಸಿತು. ಆಮೇಲೆ ಆ ಲೇಯರನ್ನು ಮರೆಮಾಡಿದೆ. ಹುಬ್ಬು ಗಂಟಿಕ್ಕಿಕೊಂಡು ನೀನು ಎದುರು ಬಂದೆ.

ಅತ್ತೆ ಬಾಯಿಗೆ ಕೈ ಅಡ್ಡ ಇಟ್ಟಳು. "ಅಯ್ಯೋ, ಈಗ ಬೈತಾನೆ ನೋಡು! ಯಾರ ಮೇಲೆ ಇಷ್ಟು ಸಿಟ್ಟು?"

"ನನ್ನ ಮೇಲೆ," ಅಂದೆ.

ನನ್ನದೇ ಸ್ಟುಡಿಯೋ ತೆರೆಯಲು ನಿನ್ನ ಸ್ಟುಡಿಯೋ ಬಿಟ್ಟು ಹೊರಟ ದಿನ, ಬಾಗಿಲಲ್ಲಿ ನಿಂತು ನಾನು ತೆಗೆದ ಚಿತ್ರ ಅದು. ಆಮೇಲೆ ನಿನ್ನ ಇನ್ನೊಂದು ಚಿತ್ರ ತೆಗೆದಿಲ್ಲ.

ಅತ್ತೆ ಬಹಳ ಹೊತ್ತು ನೋಡಿದಳು. "ಇದನ್ನೇ ಇಡು. ಇವನೇ ನಮ್ಮಣ್ಣ," ಅಂದಳು.

ಗೆರೆ ಒಂದನ್ನೂ ತೆಗೆದಿಲ್ಲ ಅಪ್ಪಾ. ಇನ್ನೊಂದು ಲೇಯರಿನಲ್ಲಿ ಕಣ್ಣನ್ನೂ ಹುಬ್ಬನ್ನೂ ಮಾತ್ರ ಇನ್ನಷ್ಟು ಶಾರ್ಪ್ ಮಾಡಿ, ಆಳೆತ್ತರಕ್ಕೆ ಮುದ್ರಿಸಲು ಕೊಟ್ಟೆ. ಕ್ಷಮೆ ಕೇಳುವುದಿಲ್ಲ. ನಾಳೆ ಇಡೀ ಊರಿನೆದುರು ನನ್ನನ್ನೇ ದುರುಗುಟ್ಟಿ ನೋಡು. ನಾನು ಮೊದಲ ಸಾಲಿನಲ್ಲೇ ಕೂತಿರುತ್ತೇನೆ.