ಹಳೇ ಬಾಡಿಗೆಯ ಮನೆಯವರು

ಅಡುಗೆಮನೆ,
ಭಾನುವಾರ ಸಂಜೆ

ಮನೆಯವರಿಗೆ,

ಬೇರೆ ಏನೆಂದು ಕರೆಯಲಿ? ಕೋರ್ಟು ನಮ್ಮನ್ನು ಬೇರೆ ಮಾಡಿ ವರ್ಷವಾಯಿತು, ಗಂಡ ಎನ್ನುವಂತಿಲ್ಲ. ಆದರೂ ನೀವು ನಡುಮನೆಯಲ್ಲಿ, ನಾನು ಅಡುಗೆಮನೆಯಲ್ಲಿ, ಒಂದೇ ಮನೆಯಲ್ಲಿದ್ದೇವೆ. ಹಾಗಾಗಿ ಮನೆಯವರು ಎನ್ನುವುದೇ ಸರಿ.

ಬಾಗಿಲ ಸಂದಿಯಿಂದ ನೀವು ತಳ್ಳಿದ ಚೀಟಿ ಓದಿದೆ. ತಿಂಗಳ ಕೊನೆಗೆ ನಾನು ಜಾಗ ಖಾಲಿ ಮಾಡಬೇಕು, ನಿಮ್ಮ ಹೊಸ ಸಂಸಾರ ಶುರುವಾಗಬೇಕು. ನನಗೇನೂ ಹೊಟ್ಟೆಕಿಚ್ಚಿಲ್ಲ. ಹೋಗುವ ಆಸೆ ನಿಮಗಿಂತ ನನಗೇ ಹೆಚ್ಚು. ನೀವು ಕ್ಯಾಕರಿಸುವ ಸದ್ದಿಲ್ಲದ ಒಂದು ಬೆಳಗು ಸಿಕ್ಕರೂ ಸಾಕು.

ಎಲ್ಲಿಗೆ ಹೋಗಬೇಕು ಎಂಬುದನ್ನೂ ಚೀಟಿಯಲ್ಲಿ ಬರೆಯಬೇಕಿತ್ತು. ಟೈಲರ್ ಅಂಗಡಿಯಿಂದ ಬರುವಾಗ ದಿನಾ ಒಂದೊಂದು ಬೀದಿ ಸುತ್ತುತ್ತಿದ್ದೇನೆ. ಹೊಸ ಕಟ್ಟಡಗಳಲ್ಲಿ ಒಂದು ಕೋಣೆಗೆ ನನ್ನ ಸಂಬಳ ಪೂರ್ತಿ ಸುರಿದರೂ ಸಾಲದು. ಹಳೇ ಬೀದಿಗಳಲ್ಲಿ ಮನೆಗಳಿವೆ, ಎಲ್ಲಕ್ಕೂ ಬೀಗ. ಅಂಥದೊಂದು ಮನೆಯ ಒಡತಿ ಅಜ್ಜಿಯನ್ನು ಕೇಳಿದೆ. ಒಂದ್ಸಲ ಕೊಟ್ರೆ ಬಿಡಿಸ್ಕೊಳ್ಳೋಕಾಗಲ್ಲಮ್ಮ, ಖಾಲಿನೇ ಬಿದ್ದಿರ್ಲಿ ಅಂದರು. ಮೈ ಉರಿಯಿತು. ಆಮೇಲೆ ನಮ್ಮ ಮಾಲೀಕರ ಮುಖ ನೆನಪಾಗಿ ಸಿಟ್ಟಿಳಿಯಿತು. ನಿಮ್ಮಪ್ಪನ ಕಾಲದ ಬಾಡಿಗೆಯನ್ನೇ ಇಂದಿಗೂ ಅವರ ಕೈಗಿಡುತ್ತಿದ್ದೇವೆ. ಏರಿಸಲೂ ಕಾನೂನು ಬಿಡದು, ನಮ್ಮನ್ನು ಬಿಡಿಸಲೂ ಬಿಡದು. ರಿಪೇರಿ ಎಂದರೆ ಪಾಪ, ನಗುತ್ತಾರೆ. ನನ್ನ ಹಾಸಿಗೆಯ ಮೇಲೆ ಗಾರೆ ಉದುರುತ್ತಲೇ ಇದೆ.

ಅಗ್ಗದ ಬಾಡಿಗೆ ನಮ್ಮನ್ನು ಕಾಪಾಡಿತು ಎಂದುಕೊಂಡಿದ್ದೆ. ಅದು ನಮ್ಮನ್ನು ಕಟ್ಟಿಹಾಕಿತು. ಈ ಹೊಸ್ತಿಲು ದಾಟಿದವರಿಗೆ ಊರಲ್ಲಿ ಇನ್ನೊಂದು ಸೂರಿಲ್ಲ. ಅಳು ಬರುತ್ತದೆ, ನಿಮಗೆ ಕೇಳಿಸದಿರಲಿ ಎಂದು ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ನೀರು ಸುಮ್ಮನೆ ಪೋಲಾಗುತ್ತಿದೆ ಎಂದು ನೀವು ಗೊಣಗುತ್ತೀರಿ.

ಹಾಗಾಗಿ ನಾನು ಹೋಗುವುದಿಲ್ಲ. ಹಟಮಾರಿ ಎಂದು ಬೇಕಾದರೆ ಅನ್ನಿ.

ಇಂತಿ,
ಗೋಡೆಯಾಚೆಯವಳು

ಇನ್ನೊಂದು ಮಾತು: ಮಧ್ಯಾಹ್ನ ನೀವು ಡ್ಯೂಟಿಗೆ ಹೋಗಿದ್ದಾಗ, ನೀವು ಮದುವೆಯಾಗಲಿರುವವಳು ಬಂದಿದ್ದಳು. ಚಹಾ ಕೊಟ್ಟೆ. ಅಕ್ಕನ ಮನೆಯ ವರಾಂಡದಲ್ಲಿ ಮಲಗುತ್ತಾಳಂತೆ. ನಿಮ್ಮ ಬಗ್ಗೆ ಏನೂ ಕೇಳಲಿಲ್ಲ. ನೀವು ಸತ್ತರೆ ಈ ಮನೆ ಹೆಂಡತಿಯ ಹೆಸರಿಗೆ, ಇದೇ ಬಾಡಿಗೆಗೆ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ. ಅವಳನ್ನು ಬೈಯಬೇಡಿ. ನಮ್ಮ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಕೇಳಿದ್ದೂ ಅದೊಂದೇ.