ಹನ್ನೆರಡರ ಕೂಗು

ವಿದ್ಯಾರಣ್ಯಪುರಂ, ಮೈಸೂರು
೪–೬–೧೯೬೧, ಭಾನುವಾರ

ಪೂಜ್ಯ ಅತ್ತೆಯವರಿಗೆ, ನಿಮ್ಮ ಸೊಸೆ ಪ್ರೇಮಲೀಲಾ ಶರಣು ಹೇಳಿ ಬರೆಯುತ್ತಿರುವುದು.

ಬೆಳಗಿನ ಜಾವ ನಾಲ್ಕು ಗಂಟೆ. ರೈಲ್ವೆ ಯಾರ್ಡಿನಲ್ಲಿ ಡಬ್ಬಿಗಳನ್ನು ಜೋಡಿಸುವ ಸದ್ದಿಗೆ ಎಚ್ಚರವಾಯಿತು. ಎಚ್ಚರ ಅನ್ನುವುದಕ್ಕೆ ಮೊದಲು ನಿದ್ದೆಯಾದರೂ ಬಂದಿರಬೇಕಲ್ಲ. ನಿಮ್ಮ ಕಾಲುನೋವು ಹೇಗಿದೆ? ನಂಜನಗೂಡಿನಲ್ಲಿ ಕಿರಿಯ ಮಗನ ಹತ್ತಿರವಾದರೂ ರಾತ್ರಿ ನಿಮಗೆ ಕಣ್ಣು ಹತ್ತುತ್ತಿದೆಯೇ? ಬೆಳಿಗ್ಗೆ ತಣ್ಣೀರು ಮೈಗೆ ಹಾಕಿಕೊಳ್ಳಬೇಡಿ, ಗುರುಮಲ್ಲಪ್ಪನಿಗೆ ಹೇಳಿ ನೀರು ಕಾಯಿಸಿಕೊಳ್ಳಿ. ಈ ಮನೆಯಲ್ಲಿ ಇರಲಾರದೆ ನೀವು ಹೋದದ್ದು ನನಗೆ ಅರ್ಥವಾಗುತ್ತದೆ. ಅವರು ಸೈಕಲ್ಲು ಒರಗಿಸುತ್ತಿದ್ದ ಗೋಡೆಯ ಕಡೆ ನಾನೂ ನೋಡುವುದಿಲ್ಲ.

ದಾಕ್ಷಿ ಚೆನ್ನಾಗಿದ್ದಾಳೆ. ನಾಳೆಯಿಂದ ಅವಳಿಗೆ ಶಿಶುವಿಹಾರ. ಅಲ್ಲಿ ಎರಡು ಬಗೆ ಇದೆ. ಬೆಳಗಿನ ಹೊತ್ತು ಮಾತ್ರ ಆದರೆ ಹನ್ನೊಂದೂವರೆಗೆ ಮನೆಗೆ ಬರುತ್ತಾಳೆ. ಇಡೀ ದಿನ ಆದರೆ ಅಲ್ಲೇ ಊಟ, ಚಾಪೆಯ ಮೇಲೆ ನಿದ್ದೆ, ಕರೆದುಕೊಂಡು ಬರುವುದು ಮೂರು ಗಂಟೆಗೆ. ಯಾವುದೆಂದು ನಾಳೆ ಬಿಡುವಾಗಲೇ ಹೇಳಬೇಕಂತೆ. ಮೊನ್ನೆ ಅಲ್ಲಿನ ಮಂಜುಳಮ್ಮನವರು ದಾಕ್ಷಿಯನ್ನೇ ಕೇಳಿದರು. “ಮಧ್ಯಾಹ್ನ ಇರಕ್ಕಾಗಲ್ಲ ಮಿಸ್, ನಂಗೆ ಮನೇಲಿ ಕೆಲ್ಸ ಇದೆ” ಅಂದಳು. ಅವರು ನಕ್ಕುಬಿಟ್ಟರು. ಆ ಕೆಲಸ ಏನೆಂದು ನಿಮಗೂ ನನಗೂ ಗೊತ್ತು. ರೈಲ್ವೆ ವರ್ಕ್‌ಶಾಪಿನ ಸೈರನ್ನು ಹನ್ನೆರಡರ ಕೂಗು ಹಾಕುತ್ತಲೇ ಓಡಿಹೋಗಿ ನಮ್ಮ ಮನೆಯ ಗೇಟಿನ ಬಳಿ ನಿಲ್ಲುವುದು. ಅಲ್ಲಿನ ಕೆಲಸದಿಂದ ಊಟಕ್ಕೆ ಬಂದ ಅಪ್ಪ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹಿತ್ತಲವರೆಗೆ ತರುತ್ತಿದ್ದರಲ್ಲ. ಶಿವರಾತ್ರಿಯ ಹೊತ್ತಿನ ಆ ಜ್ವರ ಅವರನ್ನು ಕರೆದುಕೊಂಡು ಹೋದ ಮೇಲೂ ಮಗು ಒಂದು ದಿನ ತಪ್ಪಿಸಿಲ್ಲ.

ಅವಳದ್ದೇನು ತಪ್ಪು ಹೇಳಿ. ನಮ್ಮವರಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಮೈ ತೊಳೆದು, ವಿಭೂತಿ ಬಳಿದು, ಹಾರ ಹಾಕಿ ಕೂರಿಸಿದಾಗ, ಅಷ್ಟು ದಿನ ಮಲಗಿಯೇ ಇದ್ದ ಅಪ್ಪ ವಾಸಿಯಾಗಿ ಎದ್ದು ಕೂತರು ಅಂತಲೇ ಅವಳು ತಿಳಿದದ್ದು. ಹೂವಿನ ವಿಮಾನದಲ್ಲಿ ಕೂರಿಸಿ ಭಜನೆಯೊಂದಿಗೆ ಹೊತ್ತು ಹೊರಟಾಗ ಜಗುಲಿಯ ಮೇಲೆ ನಿಂತು ಕೈ ಬೀಸಿದಳು. ನೀವು ಅವಳನ್ನು ಸೆರಗಿನೊಳಗೆ ಎಳೆದುಕೊಂಡು “ಮೆರವಣಿಗೆ ಮುಗಿಸ್ಕೊಂಡು ಕೂಗಿನ ಹೊತ್ಗೆ ಬಂದ್ಬುಡ್ತಾನೆ ಕಣವ್ವ” ಅಂದಿರಿ. ಆ ಗಳಿಗೆಯಲ್ಲಿ ನಾನಾದರೂ ಇನ್ನೇನು ಹೇಳುತ್ತಿದ್ದೆ?

ಬೆಳಗಿನ ಹೊತ್ತು ಮಾತ್ರ ಅಂದರೆ ದಿನವೂ ಬಂದು ಗೇಟಿನಲ್ಲಿ ನಿಲ್ಲುತ್ತಾಳೆ. ಇಡೀ ದಿನ ಬಿಟ್ಟರೆ, “ಊಟದ ಗಲಾಟೇಲಿ ಕೂಗು ನಮಗೇ ಕೇಳಲ್ಲ ಕಣಮ್ಮ, ಮಗು ಮರೆತುಬುಡುತ್ತೆ” ಎನ್ನುತ್ತಾರೆ ಮಂಜುಳಮ್ಮ. ಅಪ್ಪನನ್ನು ಮರೆಯಲಿ ಅಂತ ಮಗುವನ್ನು ಶಾಲೆಗೆ ಹಾಕಬೇಕೇ, ಅತ್ತೆ? ಎದುರು ಮನೆಯ ವಸಂತಮ್ಮನವರಿಗೆ ಬೇರೆಯದೇ ಚಿಂತೆ. “ಇರೋ ಒಂದು ಮಗೂನ ಮನೇಲಿ ನೋಡ್ಕೊಳ್ಳೋಕಾಗಲ್ವೇ? ಬಿ.ಎ. ಓದಿ ಏನು ಬಂತು?” ಏನೂ ಬರಲಿಲ್ಲ, ನಿಜ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ನಾನು. ಹೋದ ವಾರ ಧೈರ್ಯ ಮಾಡಿ, ಅಪ್ಪಾಜಿ ಇನ್ನು ಬರಲ್ಲ ಕಣೇ ಅಂದೆ. “ನಿಂಗೊತ್ತಿಲ್ಲ. ಅಜ್ಜಿ ಹೇಳಿದ್ದಾರೆ” ಅಂದು ನನ್ನನ್ನೇ ಸಮಾಧಾನ ಮಾಡುವವಳಂತೆ ನನ್ನ ಕೆನ್ನೆ ಒರೆಸಿದಳು.

ಗುರುಮಲ್ಲಪ್ಪನಿಗೂ ಅವನ ಮನೆಯವರಿಗೂ ನನ್ನ ನೆನಪು ತಿಳಿಸಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಿಮ್ಮ ಆಶೀರ್ವಾದ ಈ ಮಗುವಿನ ಮೇಲಿರಲಿ.

ನಿಮ್ಮ ಸೊಸೆ,
ಪ್ರೇಮಲೀಲಾ

ಮರೆತಿದ್ದೆ: ನಂಜನಗೂಡಿನ ಮೊದಲ ಬಸ್ಸಿಗೆ ಹೊರಟ ವಸಂತಮ್ಮನ ಯಜಮಾನರು ಶಾಮಣ್ಣನವರು ಈ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ. ನಿನ್ನೆ ಮಲಗುವಾಗ ದಾಕ್ಷಿ ತಾನಾಗಿಯೇ ಇಡೀ ದಿನದ ಶಾಲೆಗೆ ಒಪ್ಪಿದಳು. “ಹಂಗಾದ್ರೆ ಕೂಗು ಆದಾಗ ನೀನು ಗೇಟ್ ಹತ್ರ ನಿಂತ್ಕೋಬೇಕು. ಯಾರೂ ಇಲ್ದಿದ್ರೆ ಅಪ್ಪಾಜಿ ವಾಪಸ್ ಹೋಗ್ಬುಡ್ತಾರೆ” ಅಂದಳು. ನಾನು ಹೂಂ ಅಂದುಬಿಟ್ಟೆ. ನನ್ನಿಂದ ನಿಲ್ಲಲಾಗದು ಅತ್ತೆ. ಅಪ್ಪಾಜಿ ಇನ್ನು ಬರಲ್ಲ ಅಂತ ನಾನು ಹೇಳಿದರೆ ಅವಳು ನಂಬುವುದಿಲ್ಲ, ನೀವು ಹೇಳಿದರೆ ನಂಬುತ್ತಾಳೆ. ಗುರುಮಲ್ಲಪ್ಪನ ಅಂಗಡಿಯಿಂದ ಶಾಮಣ್ಣನವರ ಮನೆಗೆ ಟ್ರಂಕ್ ಕಾಲ್ ಹಾಕಿಸಿ. ಮಗುವನ್ನು ಎತ್ತಿಕೊಂಡು ಫೋನಿನ ಹತ್ತಿರವೇ ಕೂತಿರುತ್ತೇನೆ, ಎಷ್ಟು ಹೊತ್ತಾದರೂ ಸರಿ. ನಾಳೆ ಬೆಳಗಾಗುವುದರೊಳಗೆ ದಯವಿಟ್ಟು ಮಾಡಿ.