ಅವ್ವನ ಕಾಲಿನ ಹುಣ್ಣು

ತುಕ್ಕಾನಟ್ಟಿ
೧೪ ನವೆಂಬರ್ ೨೦೨೪

ಸುಶಾಂತಣ್ಣಾ, ಜೈಭೀಮ್.

ಆರಾಮವಾಗಿದ್ದೀಯಾ ಎಂದು ಕೇಳಬೇಕಲ್ಲ, ಕೇಳಿದ್ದೇನೆ. ಆರಾಮವಾಗಿಯೇ ಇರುತ್ತೀಯ. ತನ್ನ ಮೈ ತಾನು ಕಾಯ್ದುಕೊಳ್ಳುವುದರಲ್ಲಿ ನಿನ್ನಷ್ಟು ಜಾಣ ನಮ್ಮ ಮನೆತನದಲ್ಲಿ ಹುಟ್ಟಿಲ್ಲ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಅಲ್ಲಿ ನೀನು ನಡುನಡುವೆ ಮಾಸ್ತರಿಕೆ ಮಾಡುತ್ತೀಯ. ಕಾಗದವನ್ನಾದರೆ ಬಾಯಿ ಮುಚ್ಚಿಕೊಂಡು ಓದಬೇಕು.

ಅವ್ವನ ಕಾಲಿನ ಹುಣ್ಣು ಮಾಯಿತು. ಕಣಕಾಲಿನ ಒಳಮಗ್ಗುಲಿಗೆ ಅಂಗೈಯಗಲ ಆಗಿತ್ತಲ್ಲ, ಅದೇ. ಅದು ಸೋರಿ ವಾಸನೆ ಬರತೊಡಗಿದಾಗ ನೀನು ಮೂಗಿಗೆ ಕರ್ಚೀಫು ಹಿಡಿದು, "ಇದು ಒಬ್ಬರಿಂದ ಒಬ್ಬರಿಗೆ ಹತ್ತೂ ರೋಗ, ಕುಷ್ಠಾನ ಇರಬೇಕು, ಅವ್ವನ ತಾಟು ಬ್ಯಾರೆ ಇಡ್ರಿ" ಅಂದೆ. ವಾರದೊಳಗೆ ಹೆಂಡತಿ ಶೀತಲ್ ವೈನಿಯನ್ನು ಕರೆದುಕೊಂಡು ಹುಕ್ಕೇರಿಯ ಬಾಡಿಗೆ ಮನೆಗೆ ಓಡಿದೆ. ಕುಷ್ಠವೇ ಆಗಿದ್ದರೂ ಈಗ ಗುಳಿಗೆಯಿಂದ ವಾಸಿಯಾಗುತ್ತದೆ ಎಂಬುದು ವಿಜ್ಞಾನದ ಮಾಸ್ತರನಿಗೆ ತಿಳಿದಿರಲಿಲ್ಲವೆ? ನಮ್ಮ ಗುಡ್ಡಪ್ಪಜ್ಜನಿಗೆ ಜಾತಿ ನೋಡಿ ಹೋಟೆಲಿನವರು ಬೇರೆ ಕಪ್ಪು ಇಡುತ್ತಿದ್ದ ಕಥೆಯನ್ನು ಪ್ರತಿ ಭೀಮ ಜಯಂತಿಯ ವೇದಿಕೆಯಲ್ಲಿ ಕಣ್ಣೀರು ತಂದುಕೊಂಡು ಹೇಳುತ್ತಿದ್ದವನು ನೀನು. ಕೆಳಗಿಳಿದು ಮನೆಗೆ ಬಂದು ಹಡೆದವಳ ತಾಟು ಬೇರೆ ಮಾಡಿದೆ. ಅವ್ವ ಅದರಲ್ಲೇ ಉಂಡಳು.

ನೀನು ಹೋದ ಮೇಲೆ ಅವಳನ್ನು ಗೋಕಾಕಕ್ಕೆ ಕರೆದೊಯ್ದೆ. ಸರ್ಜನ್ ಹೆಣ್ಣುಮಗಳು. ಅವ್ವನ ಪಾದ ಹಿಡಿದು ನಾಡಿ ನೋಡಿದರು, ಸ್ಕ್ಯಾನ್ ಮಾಡಿಸಿದರು, "ಯಾರಿಗೂ ಹತ್ತೂದಿಲ್ಲ ಬಿಡಬೇ, ಇದು ರಕ್ತನಾಳದ್ದು" ಅಂದರು. ಅವ್ವ ಅಲ್ಲೇ ಅತ್ತುಬಿಟ್ಟಳು. ರಕ್ತವನ್ನು ಮೇಲಕ್ಕೆ ಒಯ್ಯುವ ನಾಳಗಳ ಕವಾಟ ಸಡಿಲಾಗಿ, ರಕ್ತ ಕಾಲಿನಲ್ಲೇ ನಿಂತು ಒತ್ತಡ ಏರಿತ್ತಂತೆ. ವರ್ಷಗಟ್ಟಲೆ ಕಬ್ಬಿನ ಹೊಲದಲ್ಲಿ ನಿಂತೇ ದುಡಿದ ಕಾಲು. ಆಗ ಬಿಳಿ ರಕ್ತಕಣಗಳು ನಾಳದ ಒಳಗೋಡೆಗೆ ಅಂಟಿ, ಅದರೊಳಗೆ ನುಗ್ಗಿ, ರೋಗಾಣು ಕೊಲ್ಲಲು ಇಟ್ಟುಕೊಂಡ ರಸವನ್ನು ಅಲ್ಲೇ ಕಾರುತ್ತವಂತೆ. ಉರಿಯೂತವಾಗಿ ಗೋಡೆ, ಕವಾಟ ಇನ್ನಷ್ಟು ಕೆಟ್ಟು, ಕೊನೆಗೆ ಚರ್ಮ ಕಪ್ಪಾಗಿ ಒಡೆಯುತ್ತದೆ. ಬಿಳಿ ರಕ್ತಕಣಗಳು ದೇಹದ ಸೈನಿಕರು ಎಂದು ನೀನು ವರ್ಷವೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೀಯ. ಕಾಯಬೇಕಾದವರೇ ಮನೆ ಕೆಡಿಸುವುದೂ ಉಂಟು ಎಂದು ತಿಳಿಯಲು ನನಗಂತೂ ಡಾಕ್ಟರು ಬೇಕಿರಲಿಲ್ಲ, ನೀನೇ ಸಾಕಿದ್ದೆ.

ಪಾದದಿಂದ ಮೊಣಕಾಲಿನವರೆಗೆ ಬಿಗಿಯಾಗಿ ಪಟ್ಟಿ ಸುತ್ತುವುದು, ಕಾಲು ಎತ್ತರಕ್ಕಿಟ್ಟು ಮಲಗುವುದು, ಇಷ್ಟೇ ಮುಖ್ಯ ಔಷಧ. ಬೇಸಿಗೆಯ ಸೆಕೆಯಲ್ಲಿ ಅವ್ವ ನನಗೆ ಬೈದುಕೊಳ್ಳುತ್ತಲೇ ಸುತ್ತಿಸಿಕೊಂಡಳು. ಈಗ ಮೂಡಲಗಿ ಸಂತೆಗೆ ಒಬ್ಬಳೇ ಹೋಗಿ ಬರುತ್ತಾಳೆ, ಬದನೆಕಾಯಿಗೆ ಚೌಕಾಸಿ ಮಾಡಿ ಗೆದ್ದು ಬರುತ್ತಾಳೆ.

ಹೋದ ವಾರ ನೀನು ಫೋನ್ ಮಾಡಿ, "ಅವ್ವಗ ಆರಾಮ ಆಗೇತಿ ಅಂದ್ರ ಇಲ್ಲಿ ಕಳಸು, ಶೀತಲ್ ಬಸರಿ ಅದಾಳ, ಮನಿಗೆಲಸಕ್ಕ ಆಸರ ಬೇಕು" ಅಂದೆ. ಕಾಲು ಹೇಗಿದೆ ಎಂದು ಒಂದು ಮಾತು ಕೇಳಲಿಲ್ಲ. ಕೆಲಸದವಳು ಬೇಕಾದರೆ ಹುಕ್ಕೇರಿಯಲ್ಲೇ ಹುಡುಕಿಕೊ. ಅವ್ವ ಬರುವುದಿಲ್ಲ.

ಆಶೀರ್ವಾದ ಬರಿ ಎಂದು ಅವ್ವ ಹೇಳಿದ್ದಾಳೆ. ಅವಳದನ್ನು ಕಳಿಸಿದ್ದೇನೆ, ನನ್ನ ಕಡೆಯಿಂದ ಏನೂ ಇಲ್ಲ.

ರೇಷನ್ ಕಾರ್ಡಿನಲ್ಲಿ ಇನ್ನೂ ನಿನ್ನ ತಂಗಿ,
ಸಪ್ನಾ

ತಾ.ಕ.: ಶೀತಲ್ ವೈನಿ ನಿನಗೆ ಹೇಳಿ ಹೊರಟಂತೆ ನಾಗನೂರಿನ ತವರಿಗೆ ಹೋಗಿಲ್ಲ. ಭಾನುವಾರದಿಂದ ನಮ್ಮಲ್ಲೇ ಇದ್ದಾಳೆ. ಬಸುರಿಯಾದಾಗಿನಿಂದ ಅವಳ ಮೀನಖಂಡದಲ್ಲೂ ನರ ಉಬ್ಬಿ ಕಾಲು ಬಾತಿವೆ. "ಅವರ ಕಣ್ಣಿಗೆ ಬಿದ್ರ ಏನಂತಾರೋ ಅಂತ ಸೀರಿ ಜಗ್ಗಿ ಮುಚ್ಚಕೋತ ಬಂದೇನಿ, ಸಪ್ನಾ" ಅಂದಳು. ಗೋಕಾಕದ ಡಾಕ್ಟರಿಗೆ ತೋರಿಸಿದ್ದೇವೆ, ಅಂಜುವಂಥದ್ದಿಲ್ಲ. ಹೆರಿಗೆಯೂ ಇಲ್ಲೇ ಆಗಲಿ ಎಂದವಳು ಅವಳೇ, ನಿನಗೆ ಹೇಳುವ ಧೈರ್ಯ ಸಾಲದೆ ನನ್ನ ಕೈಯಲ್ಲಿ ಬರೆಸಿದ್ದಾಳೆ. ಅಣ್ಣ ನೋಡಲು ಬರಲೋ ಬೇಡವೋ ಎಂದು ವೈನಿಯನ್ನು ಕೇಳಿದೆ. ಅವಳು ಹೂಂ ಅಂದ ದಿನ ಬರೆಯುತ್ತೇನೆ.